ನೀವು ಕೇಳಿದಿರಿ: ಬೆಳಗಾಗುವ ತನಕ ಬೆಳಗಾವಿ ಸೀಮೆ

ಬೆಳಗಾವಿ, ಬಾಗಲಕೋಟೆ ಕಡೆಯ ರಾತ್ರಿ ಆಟ, ಹಾಡು, ಮೆರವಣಿಗೆಗಳ ಬಗ್ಗೆ ಊರೂರುಗಳಿಂದ ಬಂದ ಪ್ರಶ್ನೆಗಳಲ್ಲಿ ಆರಕ್ಕೆ ಈ ಸಂಚಿಕೆಯಲ್ಲಿ ಉತ್ತರ.

ಬೆಳಗಾವಿಯ ಗಣಪತಿ ವಿಸರ್ಜನೆ ಮೆರವಣಿಗೆ ನೋಡಬೇಕೆಂದಿದೆ. ಸಂಜೆ ಬಂದು ರಾತ್ರಿ ಹನ್ನೊಂದರ ಬಸ್ಸಿಗೆ ವಾಪಸಾಗಬಹುದೆ? ಎಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ? (ದಾವಣಗೆರೆಯ ಓದುಗರು)

ಹನ್ನೊಂದರ ಬಸ್ಸಿನ ಆಸೆ ಬಿಡಿ. ಮೆರವಣಿಗೆ ಕಳೆಗಟ್ಟುವುದೇ ಆ ಹೊತ್ತಿಗೆ. ಅನಂತ ಚತುರ್ದಶಿಯ ಸಂಜೆ ಹೊರಟ ಗಣಪತಿಗಳಲ್ಲಿ ಕೊನೆಯವು ಕಪಿಲೇಶ್ವರ ಹೊಂಡ ಮುಟ್ಟುವಷ್ಟರಲ್ಲಿ ಮರುದಿನದ ಬಿಸಿಲು ನೆತ್ತಿಗೇರಿರುತ್ತದೆ. 1905ರಲ್ಲಿ ಲೋಕಮಾನ್ಯ ಟಿಳಕರು ಝೇಂಡಾ ಚೌಕದಲ್ಲಿ ಸಾರ್ವಜನಿಕ ಗಣಪತಿ ಕೂಡ್ರಿಸಿದಾಗ ಇದ್ದದ್ದು ಒಂದು. ಈಗ ಗಲ್ಲಿಗೊಂದು ಮಂಡಳಿ. ಎಲ್ಲವೂ ಒಂದೇ ದಾರಿಯಲ್ಲಿ ಒಂದರ ಹಿಂದೊಂದು ಹೋಗಬೇಕು, ಮುಂದಿನ ಮಂಡಳಿ ಚೌಕದಲ್ಲಿ ನಿಂತು ಬಾರಿಸುತ್ತಿದ್ದರೆ ಹಿಂದಿನವರು ಕಾಯಲೇಬೇಕು. ತಡವಾಗುವುದು ಹೀಗೆ.

ನಿಲ್ಲಲು ಅಗಲವಾದ ಚೌಕಗಳೇ ಒಳ್ಳೆಯವು. ಹುತಾತ್ಮಾ ಚೌಕದಂಥ ಕಡೆ ಢೋಲ್-ತಾಶಾ ಪಥಕ, ಅಂದರೆ ವಾದ್ಯದವರ ತಂಡ, ನಿಂತು ಪೂರ್ತಿ ಒಂದು ಸುತ್ತು ಬಾರಿಸುತ್ತದೆ. ಇಕ್ಕಟ್ಟಿನ ಗಲ್ಲಿಯಲ್ಲಿ ಅವರಿಗೆ ಸಾಲು ಕಟ್ಟಲು ಜಾಗವಿರುವುದಿಲ್ಲ, ಬರೀ ನಡೆಯುತ್ತಾರೆ. ಕಣ್ಣಿಡಬೇಕಾದ್ದು ತಾಶಾದವರ ಮೇಲೆ. ಕೊರಳಿಗೆ ಕಟ್ಟಿದ ಬೋಗುಣಿಯಂಥ ಚಿಕ್ಕ ವಾದ್ಯ, ಕೈಯಲ್ಲಿ ಎರಡು ತೆಳ್ಳನೆ ಕಡ್ಡಿ. ಅವರು ಪೆಟ್ಟು ಬದಲಿಸಿದ ಮರುಗಳಿಗೆಗೆ ಸೊಂಟಕ್ಕೆ ಢೋಲು ಬಿಗಿದುಕೊಂಡ ಅಷ್ಟೂ ಜನ ಬದಲಾಗುತ್ತಾರೆ. ಆ ತಿರುವು ಹಿಡಿದರೆ ಇಡೀ ಪಥಕದ ಲೆಕ್ಕ ನಿಮಗೆ ಸಿಗುತ್ತದೆ. ಆದರೆ ತಾಶಾದ ಸದ್ದು ಕಿವಿ ಸೀಳುವಂಥದ್ದು, ನಲವತ್ತು ಅಡಿಯಾದರೂ ದೂರವಿರಿ. ಡಿಜೆ ಗಾಡಿ ಬಂದಾಗ ಸ್ಪೀಕರಿನ ಎದುರಿನಿಂದ ಪಕ್ಕದ ಅಡ್ಡಗಲ್ಲಿಗೆ ಸರಿಯಿರಿ. ಹತ್ತಿ ಇಟ್ಟುಕೊಂಡರೆ ಆ ದಪ್ಪ ಸದ್ದು ತಡೆಯುವುದಿಲ್ಲ. ಔಷಧಿ ಅಂಗಡಿಯಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ಗನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಕಿವಿಯೊಳಗಿಟ್ಟು ಅದು ಉಬ್ಬುವ ತನಕ ಒತ್ತಿ ಹಿಡಿಯಿರಿ. ಚಿಕ್ಕ ಮಕ್ಕಳನ್ನು ಡಿಜೆಯ ಹತ್ತಿರ ಕರೆದೊಯ್ಯಲೇಬೇಡಿ.

ಮೆರವಣಿಗೆ ದಾರಿಗೆ ವಾಹನ ಬಿಡುವುದಿಲ್ಲ. ನಡೆದು ಮುಟ್ಟುವಷ್ಟು ಹತ್ತಿರದ ಲಾಡ್ಜನ್ನು ಮೊದಲೇ ಹಿಡಿದಿಡಿ. ಸಾಧ್ಯವಾದರೆ ವಿಸರ್ಜನೆಗಿಂತ ಎರಡು ದಿನ ಮುಂಚೆಯೇ ಬನ್ನಿ. ಊರಿನವರು ಮನೆಮಂದಿಯೆಲ್ಲ ಸೇರಿ ರಾತ್ರಿ ಗಲ್ಲಿ ಗಲ್ಲಿ ಸುತ್ತಿ ಮಂಡಳಿಗಳ ದೇಖಾವೆ (ಮಂಟಪದಲ್ಲಿ ಕಟ್ಟಿದ ದೃಶ್ಯ) ನೋಡುವುದು ಆಗ. ನೂಕುನುಗ್ಗಲು ಕಡಿಮೆ, ಮೂರ್ತಿಯ ಮುಂದೆ ನಿಂತು ನೋಡುವ ಪುರುಸೊತ್ತೂ ಸಿಗುತ್ತದೆ.

ಶನಿವಾರ ರಾತ್ರಿ ಬೆಳಗಾವಿಯಲ್ಲಿ ಲೈವ್ ಬ್ಯಾಂಡ್ ಕೇಳುವುದೋ, ಸೀದಾ ಗೋವಾಕ್ಕೆ ಹೋಗುವುದೋ? (ಹಾಸನದಿಂದ)

ಬೆಂಗಳೂರಿನಂತೆ ಸಾಲುಸಾಲು ಜಾಗಗಳನ್ನು ಇಲ್ಲಿ ನಿರೀಕ್ಷಿಸಬೇಡಿ. ಹೋಟೆಲಿಗೆ ಫೋನು ಮಾಡಿ ಮೂರು ವಿಷಯ ಕೇಳಿಕೊಳ್ಳಿ: ಹಾಡುವವರ ಜೊತೆ ವಾದ್ಯದವರು ಇರುತ್ತಾರೋ ಅಥವಾ ಟ್ರ್ಯಾಕ್ ಹಾಕಿ ಹಾಡುತ್ತಾರೋ, ಪ್ರವೇಶ ಶುಲ್ಕ ಊಟದ ಬಿಲ್ಲಿನಲ್ಲಿ ಕಳೆಯುತ್ತದೋ, ಕೊನೆಯ ಆರ್ಡರ್ ಎಷ್ಟು ಗಂಟೆಗೆ. ಗೋವಾ ಹತ್ತಿರವೇ. ಆದರೆ ಮಳೆಗಾಲದಲ್ಲಿ ಚೋರ್ಲಾ ಘಾಟನ್ನು ರಾತ್ರಿ ಇಳಿಯಬೇಡಿ, ಮಂಜಿನಲ್ಲಿ ತಿರುವೇ ಕಾಣುವುದಿಲ್ಲ. ಬರುವಾಗ ಅಲ್ಲಿಯ ಮದ್ಯದ ಬಾಟಲಿ ತರುವುದು ಅಪರಾಧ, ಕಣಕುಂಬಿಯ ತಪಾಸಣಾ ಠಾಣೆಯಲ್ಲಿ ಗಾಡಿ ನೋಡುತ್ತಾರೆ.

ಬನಶಂಕರಿ ಜಾತ್ರೆಯ ನಾಟಕಗಳ ಬಗ್ಗೆ ತುಂಬ ಕೇಳಿದ್ದೇವೆ. ಅಮ್ಮನೂ ನಾವು ಇಬ್ಬರು ಹೆಣ್ಣುಮಕ್ಕಳೂ ಬರುತ್ತೇವೆ. ಯಾವ ದಿನ, ಯಾವ ಆಟ, ಎಲ್ಲಿ ಕೂಡ್ರಬೇಕು? (ಶಿವಮೊಗ್ಗದಿಂದ)

ಈ ಸಲದ ಪ್ರಶ್ನೆಗಳಲ್ಲಿ ನಮಗೆ ಅತಿ ಖುಷಿ ಕೊಟ್ಟದ್ದು ಇದು. ಕರ್ನಾಟಕದ ವೃತ್ತಿ ನಾಟಕ ಕಂಪನಿಗಳು ಒಂದೇ ಬಯಲಿನಲ್ಲಿ ಅಕ್ಕಪಕ್ಕ ತಂಬು ಹೊಡೆದು ವಾರಗಟ್ಟಲೆ ಆಡುವುದನ್ನು ನೋಡಲು ಬಾದಾಮಿ ಹತ್ತಿರದ ಈ ಜಾತ್ರೆಗಿಂತ ಒಳ್ಳೆಯ ಜಾಗವಿಲ್ಲ.

ಮೊದಲು ದಿನದ ಲೆಕ್ಕ. ತೇರು ಬನದ ಹುಣ್ಣಿಮೆಗೆ, ಅಂದರೆ ಪುಷ್ಯ ಶುದ್ಧ ಹುಣ್ಣಿಮೆಗೆ. ಅದು 2026ರಲ್ಲಿ ಜನವರಿ 3ಕ್ಕೇ ಬಂತು. ಆ ವರ್ಷ ಅಧಿಕ ಜ್ಯೇಷ್ಠ ಮಾಸ ಇರುವುದರಿಂದ 2027ರಲ್ಲಿ ಜನವರಿ 22ಕ್ಕೆ ಹೋಗುತ್ತದೆ. ಹೋದ ವರ್ಷದ ತಾರೀಖು ನಂಬಿ ರೈಲು ಟಿಕೆಟ್ ಮಾಡಿಸಿದವರು ಮೋಸ ಹೋಗುವುದು ಇಲ್ಲೇ. ಪಂಚಾಂಗ ನೋಡಿಯೇ ಮಾಡಿಸಿ.

ತೇರಿನ ದಿನ ಬಂದರೆ ಮಾಡಲಗೇರಿಯಿಂದ ಹಳಿಬಂಡಿಯಲ್ಲಿ ಬರುವ ತೇರಿನ ಹಗ್ಗ, ಗುಡಿಯ ಹೊಂಡವಾದ ಹರಿದ್ರಾ ತೀರ್ಥದ ಸುತ್ತಲಿನ ಜನಸಾಗರ, ಎಲ್ಲ ನೋಡಬಹುದು. ನಾಟಕಕ್ಕೆ ಮಾತ್ರ ಆ ದಿನ ಒಳ್ಳೆಯದಲ್ಲ. ಬಂದ ಜನಕ್ಕೆಲ್ಲ ತೋರಿಸಲೆಂದು ಆಟದ ಹಿಂದೆ ಆಟ ಹಚ್ಚುತ್ತಾರೆ. ಆಗ ಹಾಡು ಕತ್ತರಿಸುತ್ತಾರೆ, ನಟರ ಗಂಟಲೂ ಸೋತಿರುತ್ತದೆ. ತೇರು ಮುಗಿದು ಏಳೆಂಟು ದಿನವಾದ ಮೇಲೆ, ಶನಿವಾರ-ಭಾನುವಾರ ಬಿಟ್ಟು ಬನ್ನಿ. ರಾತ್ರಿ ಊಟದ ನಂತರದ ಆಟಕ್ಕೆ ಹೋಗಿ. ಅದರ ಹಿಂದೆ ಇನ್ನೊಂದು ಆಟದ ಅವಸರ ಇರುವುದಿಲ್ಲ, ಹಾಸ್ಯದವರು ಮೈಮರೆತು ಬೆಳೆಸುತ್ತಾರೆ. ಎರಡೂವರೆ, ಮೂರು ತಾಸು ಹಿಡಿಯುತ್ತದೆ.

ಕೂಡ್ರುವ ಜಾಗ: ರಂಗದ ಅಂಚಿನ ಮೇಲೆ ಸಾಲಾಗಿ ಮೈಕು ಇಳಿಬಿಟ್ಟಿರುತ್ತಾರೆ. ನಟರು ಮಾತಿಗೆ ಅದರ ಕೆಳಗೆ ಬಂದು ನಿಲ್ಲುತ್ತಾರೆ, ಮುಗಿಸಿ ಹಿಂದೆ ಸರಿಯುತ್ತಾರೆ. ಆ ಓಡಾಟ, ಮುಖದ ಬಣ್ಣ, ಕಣ್ಣಿನ ಸನ್ನೆ ಎಲ್ಲ ಕಾಣಬೇಕಾದರೆ ನಾಲ್ಕರಿಂದ ಆರನೇ ಸಾಲು, ನಟ್ಟನಡುವೆ. ಮೊದಲ ಸಾಲಿನಲ್ಲಿ ಕತ್ತು ನೋಯುತ್ತದೆ, ಬದಿಯಲ್ಲಿ ಕೂತರೆ ಸ್ಪೀಕರು ಕಿವಿಗೇ. ಕೊನೆಯ ಸಾಲಿನಲ್ಲಿ ಕೂತವರಿಗೆ ತಗಡಿನ ಆಚೆಯ ಪಕ್ಕದ ಕಂಪನಿಯ ಡೈಲಾಗೂ ಸೇರಿಯೇ ಕೇಳುತ್ತದೆ. ಹಾರ್ಮೋನಿಯಂ ಇರುವ ಬದಿ ಯಾವುದು ನೋಡಿಕೊಂಡು ಆ ಕಡೆಗೆ ಒಂದೆರಡು ಕುರ್ಚಿ ಸರಿದರೆ ಹಾಡಿನ ಸುಖ ಹೆಚ್ಚು. ಬೆಳಗಾವಿ ಜಿಲ್ಲೆಯ ರಂಗನಟ ಏಣಗಿ ಬಾಳಪ್ಪನವರ (1914–2017) ಪೀಳಿಗೆಯಲ್ಲಿ ನಟ ಹಾಡಲೇಬೇಕಿತ್ತು. ಈಗ ಕುಣಿತಕ್ಕೆ ಸಿನಿಮಾ ಟ್ರ್ಯಾಕ್ ಹಾಕುವುದು ರೂಢಿಯಾಗಿದೆ. ಹಾಗಾಗಿ ಟಿಕೆಟಿಗೆ ಮೊದಲು ಗೇಟಿನವರನ್ನು ಕೇಳಿ: "ರಂಗಗೀತೆ ಅದಾವೇನ್ರಿ, ಹಾರ್ಮೋನಿಯಂ ಕೂತಾರೇನ್ರಿ?" ಹೌದೆಂದ ಕಡೆ ಹೋಗಿ.

ಅಮ್ಮನ ಜೊತೆ ಬರುತ್ತೀರಿ ಎಂದಿರಿ. ಹಾಸ್ಯದಲ್ಲಿ ಎರಡರ್ಥದ ಮಾತು ಬರುವ ನಾಟಕಗಳಿವೆ. ಸಾಮಾನ್ಯವಾಗಿ ನಾಟಕದ ಹೆಸರು, ಬೋರ್ಡಿನ ಚಿತ್ರ ನೋಡಿದರೇ ತಿಳಿಯುತ್ತದೆ. ಅನುಮಾನವಿದ್ದರೆ ಹಿಂದಿನ ಆಟ ಬಿಡುವಾಗ ಹೊರಬರುವವರಲ್ಲಿ ಹೆಣ್ಣುಮಕ್ಕಳೂ ಮುದುಕಿಯರೂ ಎಷ್ಟಿದ್ದಾರೆ ನೋಡಿ. ಕುಟುಂಬಸಮೇತ ಬಂದವರು ಹೆಚ್ಚಿದ್ದರೆ ಧೈರ್ಯವಾಗಿ ಹೋಗಬಹುದು.

ಊಟ ಆಟಕ್ಕೆ ಮೊದಲೇ ಮುಗಿಸಿ. ಗುಡಿಯ ಸುತ್ತ ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಖಡಕ್ ಜೋಳದ ರೊಟ್ಟಿ, ಕಾಳಿನ ಪಲ್ಯ, ಕೆಂಪು ಖಾರ, ಗಟ್ಟಿ ಮೊಸರು ಮಾರುತ್ತಾರೆ. ಬುಟ್ಟಿ ಬೇಗ ಬರಿದಾಗುತ್ತದೆ, ಕತ್ತಲಾಗುವ ಮೊದಲೇ ತಿನ್ನಿ. ರಾತ್ರಿ ಮಿರ್ಚಿ, ಗಿರಮಿಟ್ಟು, ಚಹಾ ಸಿಗುತ್ತದೆ. ಬಯಲಿನ ಚಳಿ ತಗಡಿನೊಳಗೂ ಬಿಡುವುದಿಲ್ಲ, ತಲಾ ಒಂದು ಚಾದರ ಇರಲಿ. ಬಾದಾಮಿ ಊರು ಅಲ್ಲಿಂದ ಐದು ಕಿಲೋಮೀಟರು. ರೈಲು ನಿಲ್ದಾಣ ಊರಿನಿಂದಾಚೆ ಮತ್ತಷ್ಟು ದೂರ. ನಡುರಾತ್ರಿ ಆಟ ಬಿಟ್ಟಾಗ ಎಲ್ಲರೂ ಒಮ್ಮೆಗೇ ಆಟೊ ಹುಡುಕುತ್ತಾರೆ. ಸಂಜೆ ಕರೆತಂದ ಆಟೊದವರನ್ನೇ ವಾಪಸಿಗೂ ಮಾತಾಡಿ, ನಂಬರು ತಗೊಂಡು, ಅರ್ಧ ದುಡ್ಡು ವಾಪಸು ಬಂದು ಇಳಿದಾಗ ಕೊಡುವಂತೆ ಮಾಡಿಕೊಳ್ಳಿ.

ಪಾರಿಜಾತ, ಗೀಗೀ ಪದ ಬಯಲಲ್ಲೇ ಕೇಳಬೇಕು. ಎಲ್ಲಿ ನಡೆಯುತ್ತದೆ ಎಂದು ತಿಳಿಯುವುದು ಹೇಗೆ? (ಬೆಂಗಳೂರಿನಿಂದ)

ಪಾರಿಜಾತ ಹಾಡಿನಲ್ಲಿ ಕತೆ ಹೇಳುವ ಬಯಲಾಟ, ಗೀಗೀ ಮೇಳದವರು ಹಾಡುವ ಲಾವಣಿಯಂಥ ಪದ. ಊರ ಜಾತ್ರೆಯ ಹ್ಯಾಂಡ್‌ಬಿಲ್ಲೇ ಇವುಗಳ ಜಾಹೀರಾತು. ಯುಗಾದಿಯಿಂದ ಮಳೆ ಹಿಡಿಯುವ ತನಕ ಜಾತ್ರೆಗಳು ಹೆಚ್ಚು. ಗೋಕಾಕ, ಮೂಡಲಗಿ, ಮುಧೋಳ, ಲೋಕಾಪುರದ ಬಸ್‌ನಿಲ್ದಾಣದ ಚಹಾದಂಗಡಿ ಗೋಡೆ ನೋಡಿ, ಅಂಗಡಿಯವರನ್ನು ಕೇಳಿ.

ಶ್ರೀಕೃಷ್ಣ ಪಾರಿಜಾತಕ್ಕೆ ಈಗಿನ ರೂಪ ಬರುವಲ್ಲಿ ಕುಲಗೋಡ ತಮ್ಮಣ್ಣನ ಪಾಲು ದೊಡ್ಡದು. ಕೌಜಲಗಿ ನಿಂಗಮ್ಮ ಅದನ್ನು ಊರೂರಿಗೆ ಒಯ್ದ ಕಲಾವಿದೆ. ಕತೆ ಸರಳ: ನಾರದ ತಂದ ಹೂವು ರುಕ್ಮಿಣಿಯ ಪಾಲಾಯಿತು, ಸತ್ಯಭಾಮೆಗೆ ಸಿಟ್ಟು ಬಂತು. ಹಾರ್ಮೋನಿಯಂ, ತಬಲಾ, ತಾಳ ಇಷ್ಟರಲ್ಲೇ ಬೆಳಗು ಮಾಡುತ್ತಾರೆ. ಮೊದಲ ತಾಸು ಸ್ತುತಿಯಲ್ಲಿ, ಪಾತ್ರ ಪರಿಚಯದಲ್ಲಿ ಹೋಗುತ್ತದೆ. ಬೇಸರಪಟ್ಟು ಎದ್ದವರು ಭಾಮೆಯ ಸಿಟ್ಟಿನ ಹಾಡನ್ನೂ, ದೂತಿಯ ಮಾತಿನ ಚಾಟಿಯನ್ನೂ ಕಳೆದುಕೊಳ್ಳುತ್ತಾರೆ. ಮಧ್ಯಾಹ್ನ ಎರಡು ತಾಸು ಮಲಗಿ ಬನ್ನಿ.

ಗೀಗೀಯಲ್ಲಿ ಹರದೇಶಿ-ನಾಗೇಶಿ ಸವಾಲ್-ಜವಾಬು ಸಿಕ್ಕರೆ ಅದೃಷ್ಟ. ಹರದೇಶಿಯವರು ಗಂಡು ಹೆಚ್ಚೆಂದು, ನಾಗೇಶಿಯವರು ಹೆಣ್ಣು ಹೆಚ್ಚೆಂದು ಪುರಾಣ ಹಿಡಿದು ವಾದ ಹೂಡುತ್ತಾರೆ. ವಾದ್ಯಗಳು ದಪ್ಪು, ತುಂತುಣಿ, ತಾಳ. ಪ್ರಶ್ನೆ ಯಾವುದೆಂದು ಪಕ್ಕದವರನ್ನು ಕೇಳಿಕೊಳ್ಳಿ, ಉತ್ತರ ಬರುವುದು ಎಷ್ಟೋ ಹೊತ್ತಿನ ಮೇಲೆ. ಬಹುಮಾನ ಕೊಡುವುದಿದ್ದರೆ ಪದ ಮುಗಿದ ಮೇಲೆ ಕೈಗೆ ಕೊಡಿ. ನಡುವೆ ಎದ್ದು ಹೋದರೆ ನಿಮ್ಮ ಹೆಸರು ಮೈಕಿನಲ್ಲಿ ಹೇಳಲು ಹಾಡು ನಿಲ್ಲುತ್ತದೆ, ಕಟ್ಟಿದ ಏರು ಇಳಿದುಹೋಗುತ್ತದೆ.

ಬಯಲು ರಸಮಂಜರಿ ಹತ್ತು ಗಂಟೆಗೆ ನಿಂತಿತು, ಅದೇ ರಾತ್ರಿ ರಂಗಮಂದಿರದ ಸಂಗೀತ ಕಚೇರಿ ಹನ್ನೊಂದೂವರೆಯ ತನಕ ನಡೆಯಿತು. ಹೀಗೇಕೆ? (ಚಿಕ್ಕೋಡಿಯಿಂದ)

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಮುಚ್ಚಿದ ಸಭಾಂಗಣಕ್ಕೆ ವಿನಾಯಿತಿ ಇದೆ. ಹಬ್ಬ, ಉತ್ಸವಗಳಿಗೆಂದು ರಾಜ್ಯ ಸರ್ಕಾರ ವರ್ಷದಲ್ಲಿ ಹೆಚ್ಚೆಂದರೆ 15 ದಿನ ರಾತ್ರಿ 12ರ ತನಕ ಸಡಿಲಿಸಬಹುದು. ಹಾಗಾಗಿ ಅಕ್ಟೋಬರ್ 23ರಿಂದ ನಡೆಯುವ ಕಿತ್ತೂರು ಉತ್ಸವಕ್ಕಾಗಲಿ, ಬೇರೆ ಬಯಲು ಕಾರ್ಯಕ್ರಮಕ್ಕಾಗಲಿ ಹೋಗುವಾಗ ದೊಡ್ಡ ಗಾಯಕರು ಕೊನೆಗೆ ತಾನೇ ಎಂದು ತಡಮಾಡಬೇಡಿ. ಸ್ವಾಗತ ಭಾಷಣಗಳು ಲಂಬಿಸಿದಷ್ಟೂ ಕತ್ತರಿ ಬೀಳುವುದು ಕೊನೆಯ ಹಾಡುಗಳಿಗೆ.

ಬಾಗಲಕೋಟೆಯ ಹೋಳಿ ಹಬ್ಬಕ್ಕೆ ಕ್ಯಾಮೆರಾ ತರಬಹುದೆ? (ಮಂಗಳೂರಿನಿಂದ)

ಬಣ್ಣದ ದಿನಗಳಲ್ಲಿ ಬೇಡ. ಟ್ರ್ಯಾಕ್ಟರು, ಬಂಡಿಗಳ ಮೇಲೆ ಬ್ಯಾರಲ್ ತುಂಬ ಬಣ್ಣದ ನೀರು ಹೊತ್ತು ಓಣಿಯವರು ಎದುರುಬದುರಾಗುತ್ತಾರೆ, ಪ್ಲಾಸ್ಟಿಕ್ ಚೀಲದೊಳಗಿನ ಫೋನಿಗೂ ನೀರು ಹೋಗುತ್ತದೆ. ಬಣ್ಣ ಒಂದೇ ದಿನಕ್ಕೆ ಮುಗಿಯುವುದಿಲ್ಲ, ಯಾವ ದಿನ ಯಾವ ಓಣಿಯದು ಎಂದು ಹಳೇ ಊರಿನಲ್ಲಿ ಕೇಳಿಕೊಳ್ಳಿ. ಮೈಗೆ, ಕೂದಲಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಹಳೇ ಬಟ್ಟೆ ಹಾಕಿ. ಕ್ಯಾಮೆರಾ ತರುವುದಾದರೆ ಹಿಂದಿನ ರಾತ್ರಿಗಳಿಗೆ ತನ್ನಿ. ಓಣಿಯ ಮೂಲೆಯಲ್ಲಿ ಬೆಂಕಿ ಹಾಕಿ ಹಲಗಿ ಎಂಬ ಚರ್ಮವಾದ್ಯ ಕಾಯಿಸುತ್ತಾರೆ. ಚರ್ಮ ಬಿಗಿಯಾಯಿತೋ ಇಲ್ಲವೋ ಎಂದು ಬೆರಳಿಂದ ತಟ್ಟಿ ನೋಡಿ, ಸದ್ದು ಮಂದವಾದರೆ ಮತ್ತೆ ಉರಿಗೆ ಹಿಡಿಯುತ್ತಾರೆ. ಆ ಬೆಳಕು ಮುಖಗಳ ಮೇಲೆ ಬೀಳುವಾಗ ಫ್ಲ್ಯಾಶ್ ಆರಿಸಿ, ಕೇಳಿ, ಆಮೇಲೆ ಚಿತ್ರ ತೆಗೆಯಿರಿ.