ಪರದೇಶದಲ್ಲಿ ಆ್ಯಪ್‌ನಿಂದ ಊಟ ತರಿಸುವುದು

ಪ್ರಶ್ನೆ: ವಿದೇಶಕ್ಕೆ ಹೋದಾಗ ಅಲ್ಲಿನ ಫುಡ್ ಡೆಲಿವರಿ ಆ್ಯಪ್‌ನಲ್ಲಿ ಒಟಿಪಿ ಬರುವುದಿಲ್ಲ, ಬಂದರೂ ಕಾರ್ಡ್ ನಡೆಯುವುದಿಲ್ಲ. ಏನು ಮಾಡಬೇಕು?

ಉತ್ತರ: ಇಲ್ಲಿ ಎರಡು ಬೇರೆ ಒಟಿಪಿಗಳಿವೆ. ಆ್ಯಪ್‌ನದು ಖಾತೆ ತೆರೆಯಲು ಕೊಟ್ಟ ಸಂಖ್ಯೆಗೆ ಬರುತ್ತದೆ. ಬ್ಯಾಂಕಿನದು ಬ್ಯಾಂಕಿನಲ್ಲಿ ನೋಂದಾಯಿಸಿದ ನಿಮ್ಮೂರಿನ ಸಂಖ್ಯೆಗೇ. ಹೊಸ ಸಿಮ್ ಹಾಕಲು ಹಳೆಯದನ್ನು ತೆಗೆದಿಟ್ಟರೆ ಪಾವತಿ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಹಳೆಯ ಸಿಮ್ ಫೋನಿನಲ್ಲೇ ಇರಲಿ. ಅದರ ಡೇಟಾ ಮಾತ್ರ ಆಫ್ ಮಾಡಿ, ರೋಮಿಂಗ್ ಸೌಲಭ್ಯವನ್ನು ಹೊರಡುವ ಮೊದಲೇ ಪಡೆಯಿರಿ. ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಆನ್‌ಲೈನ್ ಪಾವತಿಯನ್ನೂ ಚಾಲೂ ಮಾಡಿ. ಪ್ರವಾಸಿಗರಿಗೆ ಮಾರುವ ಎಷ್ಟೋ ಇಸಿಮ್‌ಗಳು (ಕಾರ್ಡ್ ಇಲ್ಲದ ಡಿಜಿಟಲ್ ಸಿಮ್‌ಗಳು) ಡೇಟಾಕ್ಕಷ್ಟೇ. ಅವಕ್ಕೆ ಫೋನ್ ಸಂಖ್ಯೆಯೇ ಇರುವುದಿಲ್ಲ. ಕೊಳ್ಳುವಾಗಲೇ ಕೇಳಿ.

ಆ್ಯಪ್ ಸ್ಟೋರಿನಲ್ಲಿ ಆ್ಯಪ್ ಕಾಣದಿದ್ದರೆ ನಿಮ್ಮ ಸ್ಟೋರ್ ಖಾತೆಯ ದೇಶ ಬೇರೆಯಿರಬಹುದು. ಕಂಪನಿಯ ವೆಬ್‌ಸೈಟ್ ಪ್ರಯತ್ನಿಸಿ.

ಇನ್ನು ವಿಳಾಸ. ನಕ್ಷೆಯ ಪಿನ್ ಹಲವೊಮ್ಮೆ ಕಟ್ಟಡದ ಹಿಂಬದಿಗೆ ಬೀಳುತ್ತದೆ, ಕೈಯಿಂದ ಬಾಗಿಲಿಗೆ ಸರಿಸಿ. ಹೋಟೆಲ್ ಹೆಸರು, ಕೋಣೆ ಸಂಖ್ಯೆಯನ್ನು ಸ್ಥಳೀಯ ಲಿಪಿಯಲ್ಲಿ ಹಾಕಿ. ರಿಸೆಪ್ಷನ್‌ನವರು ಬರೆದುಕೊಟ್ಟರೆ ಇನ್ನೂ ಒಳ್ಳೆಯದು. ಅಲರ್ಜಿ ಇದ್ದವರು ಟಿಪ್ಪಣಿಯೊಂದನ್ನೇ ನೆಚ್ಚಬೇಡಿ, ಅಡುಗೆಮನೆಯವರು ಅದನ್ನು ಓದದೇ ಇರಬಹುದು. ರೆಸ್ಟೋರೆಂಟಿಗೆ ಕರೆ ಮಾಡಿಸಿ ಖಚಿತಪಡಿಸಿಕೊಳ್ಳಿ.