ಟ್ಯೂಬಿಗೆ ಹೋದ ರಕ್ತದ ಲೆಕ್ಕ

ದಾವಣಗೆರೆಯ ಓದುಗರೊಬ್ಬರ ದೀರ್ಘ ಪತ್ರದ ಸಾರಾಂಶ: "68 ವರ್ಷದ ನನ್ನ ತಾಯಿ ನ್ಯುಮೋನಿಯಾ ಆಗಿ ಹನ್ನೆರಡು ದಿನ ಐಸಿಯುನಲ್ಲಿದ್ದರು. ಬೆಳಗ್ಗೆ, ಸಂಜೆ, ಕೆಲವೊಮ್ಮೆ ನಡುರಾತ್ರಿಯೂ ರಕ್ತ ತೆಗೆಯುತ್ತಿದ್ದರು. ಸೇರಿಸುವಾಗ 11 ಇದ್ದ ಹಿಮೋಗ್ಲೋಬಿನ್ 7ಕ್ಕೆ ಇಳಿಯಿತು. ಆಗ 'ರಕ್ತ ಹೊಂದಿಸಿ' ಎಂದು ನಮ್ಮನ್ನೇ ಓಡಾಡಿಸಿದರು. ತೆಗೆದವರೂ ಅವರೇ, ಕೇಳಿದವರೂ ಅವರೇ. ಆ ರಕ್ತವನ್ನೆಲ್ಲ ಏನು ಮಾಡುತ್ತಾರೆ? ನಾವು ಬೇಡ ಎನ್ನಬಹುದಿತ್ತೇ? ಈಗ ದಿನಾ ಬೀಟ್‌ರೂಟ್ ರಸ ಕೊಡುತ್ತಿದ್ದೇವೆ, ಸಾಕೇ?"

ಸಂಪಾದಕರ ಉತ್ತರ:

ಮೊದಲು ನಿಮ್ಮ ಗುಮಾನಿಯ ಮಾತು. ಪರೀಕ್ಷೆಗೆಂದು ತೆಗೆದ ರಕ್ತ ಇನ್ನೊಬ್ಬರಿಗೆ ಕೊಡಲು ಬರುವಂಥದ್ದಲ್ಲ, ಅದನ್ನು ಯಾರೂ ಮಾರಿಕೊಳ್ಳುವುದಿಲ್ಲ. ಲ್ಯಾಬಿನ ಕೆಲಸ ಮುಗಿದ ಮೇಲೆ ಉಳಿದದ್ದು ಆಸ್ಪತ್ರೆಯ ತ್ಯಾಜ್ಯಕ್ಕೆ ಹೋಗುತ್ತದೆ. ಸಿಟ್ಟು ಬರಬೇಕಾದದ್ದು ಅಲ್ಲಿ, ಏಕೆಂದರೆ ಉಳಿಯುವುದೇ ಹೆಚ್ಚು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಹೋಗುವ ಸಿಬಿಸಿ (ರಕ್ತಕಣ, ಹಿಮೋಗ್ಲೋಬಿನ್ ಎಣಿಸುವ) ಪರೀಕ್ಷೆಗೆ ಇಂದಿನ ಯಂತ್ರ ಕಾಲು ಮಿಲಿಲೀಟರನ್ನೂ ಹೀರುವುದಿಲ್ಲ. ಟ್ಯೂಬಿಗೆ ತುಂಬುವುದು ಅದರ ಹತ್ತಾರು ಪಟ್ಟು.

ಐಸಿಯುನಲ್ಲಿ ಇದು ದಿನಕ್ಕೆ ಎಷ್ಟಾಗುತ್ತದೆ? ಪಶ್ಚಿಮ ಯುರೋಪಿನ ಐಸಿಯುಗಳಲ್ಲಿ ಅಳೆದು 2002ರಲ್ಲಿ ಪ್ರಕಟಿಸಿದ ಲೆಕ್ಕ ದಿನಕ್ಕೆ ಸರಾಸರಿ 41 ಮಿಲಿಲೀಟರ್. ನಿಮ್ಮ ತಾಯಿಗೆ ಇಷ್ಟೇ ತೆಗೆದಿದ್ದಾರೆಂದು ನಾವು ಹೇಳುತ್ತಿಲ್ಲ. ಆದರೆ ಆ ದರದಲ್ಲಿ ಹನ್ನೆರಡು ದಿನಕ್ಕೆ ಅರ್ಧ ಲೀಟರಿನ ಹತ್ತಿರ ಬರುತ್ತದೆ. ರಕ್ತದಾನ ಶಿಬಿರದಲ್ಲಿ ಆರೋಗ್ಯವಂತರಿಂದ ಸಾಮಾನ್ಯವಾಗಿ ತೆಗೆದುಕೊಳ್ಳುವುದು 350 ಮಿಲಿಲೀಟರ್. ಅದನ್ನು ಕೊಟ್ಟ ಗಂಡಸು ಮತ್ತೆ ಕೊಡಲು 90 ದಿನ, ಹೆಂಗಸು 120 ದಿನ ಕಾಯಬೇಕೆಂದು ನಮ್ಮಲ್ಲೇ ನಿಯಮವಿದೆ. ಐಸಿಯು ಮಂಚಕ್ಕೆ ಅಂಥ ನಿಯಮವಿಲ್ಲ.

ಹೋದ ರಕ್ತವನ್ನು ಗಟ್ಟಿಮುಟ್ಟಾದ ದೇಹ ಬೇಗ ತುಂಬಿಕೊಳ್ಳುತ್ತದೆ. ಸೋಂಕು ಹತ್ತಿದ ದೇಹಕ್ಕೆ ಅದಾಗದು. ಕಬ್ಬಿಣಾಂಶ ಒಳಗಿದ್ದರೂ ಬಳಕೆಗೆ ಸಿಗದಂತೆ ಸಿಕ್ಕಿಬೀಳುತ್ತದೆ, ರಕ್ತಕಣ ತಯಾರಿಸಲು ಮೂತ್ರಪಿಂಡ ಕಳಿಸುವ ಸಂದೇಶವೂ ಮಂಕಾಗುತ್ತದೆ. ಹಾಗೆಂದು 11ರಿಂದ 7ಕ್ಕೆ ಇಳಿದದ್ದನ್ನೆಲ್ಲ ಸೂಜಿಯ ತಲೆಗೇ ಕಟ್ಟಬೇಡಿ. ಡ್ರಿಪ್ ಏರಿಸಿದಾಗ ರಕ್ತ ತೆಳುವಾಗುತ್ತದೆ, ಜಠರದಲ್ಲಿ ಗೊತ್ತಾಗದಂತೆ ಒಸರುವುದೂ ಉಂಟು.

ಪರಿಹಾರ ಏನು ಎಂದರೆ, ಕೆನಡಾದಲ್ಲಿ ನಡೆದ ಒಂದು ಪ್ರಯೋಗ ನಮಗೆ ಬಹಳ ಹಿಡಿಸಿತು. ಅಲ್ಲಿನ 25 ಐಸಿಯುಗಳು ಒಂದಾದ ಮೇಲೊಂದರಂತೆ, ಚೀಟಿ ಎತ್ತಿದ ಹಾಗೆ ನಿಗದಿಯಾದ ಸರದಿಯಲ್ಲಿ, ಹಳೆಯ ಟ್ಯೂಬು ಬಿಟ್ಟು ಕಡಿಮೆ ರಕ್ತ ಹಿಡಿಯುವ ಟ್ಯೂಬಿಗೆ ಬದಲಾದವು. ಹಳೆಯದರಲ್ಲಿ 4ರಿಂದ 6 ಮಿಲಿಲೀಟರ್ ಹಿಡಿಯುತ್ತಿತ್ತು, ಹೊಸದರಲ್ಲಿ 1.8ರಿಂದ 3.5. ಟ್ಯೂಬಿನ ಗಾತ್ರ ಅದೇ, ಒಳಗಿನ ನಿರ್ವಾತ ಮಾತ್ರ ಕಡಿಮೆ, ಹಾಗಾಗಿ ತಾನಾಗಿಯೇ ಕಡಿಮೆ ಹೀರುತ್ತದೆ. ಯಂತ್ರ ಬದಲಿಸಬೇಕಿಲ್ಲ, ನರ್ಸ್‌ಗಳು ಹೊಸದಾಗಿ ಏನೂ ಕಲಿಯಬೇಕಿಲ್ಲ. "ಸ್ಯಾಂಪಲ್ ಸಾಲದು, ಮತ್ತೆ ಕಳಿಸಿ" ಎಂದು ಲ್ಯಾಬ್ ವಾಪಸು ಮಾಡಿದ್ದು ಹತ್ತು ಸಾವಿರಕ್ಕೆ ಮೂರನ್ನೂ ಮೀರಲಿಲ್ಲ. 2023ರಲ್ಲಿ ಪ್ರಕಟವಾದ ಫಲಿತಾಂಶದ ಮುಖ್ಯ ಲೆಕ್ಕದಲ್ಲಿ, ರೋಗಿಗಳಿಗೆ ಏರಿಸುವ ರಕ್ತದಲ್ಲಿ ಉಳಿತಾಯ ಕಂಡರೂ ಅದು ಖಚಿತ ಎನ್ನುವಷ್ಟಿರಲಿಲ್ಲ. ಕೋವಿಡ್ ಕಾಲದವರನ್ನೂ ಸೇರಿಸಿ 27,411 ರೋಗಿಗಳನ್ನು ಲೆಕ್ಕ ಹಾಕಿದಾಗ ನೂರು ಮಂದಿಗೆ ಸುಮಾರು 10 ಯುನಿಟ್ ರಕ್ತ ಕಡಿಮೆ ಸಾಕಾಗಿತ್ತು. ರಕ್ತಕ್ಕಾಗಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮೊರೆಯಿಡುವ ನಮ್ಮಂಥವರಿಗೆ ಇದು ಸಣ್ಣದಲ್ಲ.

ನಮ್ಮಲ್ಲಿ ಅನೇಕ ಕಡೆ 2-3 ಮಿಲಿಲೀಟರಿನ ಟ್ಯೂಬುಗಳೇ ಇವೆ ಎನ್ನುವುದೂ ನಿಜ. ಇಲ್ಲಿ ಕಾಡುವುದು ಟ್ಯೂಬಿಗಿಂತ "ಡೈಲಿ" ಎಂದು ಬರೆದಿಟ್ಟ ಆರ್ಡರ್. ನಿನ್ನೆ ಸರಿಯಿದ್ದದ್ದು, ಮೊನ್ನೆಯೂ ಸರಿಯಿದ್ದದ್ದು, ಇಂದು ಬೆಳಗ್ಗೆ ಮತ್ತೆ ಪರೀಕ್ಷೆಗೆ ಹೋಗುತ್ತದೆ. ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾಸ್ಪತ್ರೆಗೆ, ಅಲ್ಲಿಂದ ಖಾಸಗಿಗೆ ಹೋದರಂತೂ ಎಲ್ಲವೂ ಮೊದಲಿಂದ. ವರದಿಗಳ ಫೈಲು ಕೈಯಲ್ಲೇ ಇರಲಿ. ಕೈಯ ರಕ್ತನಾಳಕ್ಕೆ ಹಾಕಿದ ಲೈನಿನಿಂದ ತೆಗೆಯುವಾಗ ಮೊದಲು ಬರುವ ಕೆಲವು ಮಿಲಿಲೀಟರನ್ನು, ಸಲೈನ್ ಬೆರೆತಿದೆಯೆಂದು, ಚೆಲ್ಲುವ ಪದ್ಧತಿಯೂ ಇದೆ. ಅದನ್ನು ಹೊರಗೆ ಬಿಡದೆ ದೇಹಕ್ಕೇ ಮರಳಿಸುವ ಮುಚ್ಚಿದ ವ್ಯವಸ್ಥೆ ಮಾರುಕಟ್ಟೆಯಲ್ಲಿದೆ.

ಬೇಡ ಎನ್ನಬಹುದಿತ್ತೇ? ಸಿಸ್ಟರ್ ಹತ್ತಿರ ಜಗಳವಾಡಿ ಫಲವಿಲ್ಲ, ಆರ್ಡರ್ ಅವರದಲ್ಲ. ರೌಂಡ್ಸ್‌ಗೆ ಬರುವ ಡಾಕ್ಟರನ್ನು ಕೇಳಬೇಕು: "ಸರ್, ಈ ವರದಿ ಬಂದರೆ ನಾಳೆ ಔಷಧಿ ಏನಾದರೂ ಬದಲಾಗುತ್ತದಾ? ಇಲ್ಲವಾದರೆ ದಿನ ಬಿಟ್ಟು ದಿನ ಮಾಡಿಸಬಹುದಾ?" ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಮುನಿಯುವುದಿಲ್ಲ. ಒಂದು ಎಚ್ಚರಿಕೆ: ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ಪತ್ತೆ ಹಚ್ಚುವ ಬ್ಲಡ್ ಕಲ್ಚರ್‌ನಲ್ಲಿ ಚೌಕಾಸಿ ಮಾಡಬೇಡಿ. ವಯಸ್ಕರಿಗೆ ಬಾಟಲಿಗೆ 8ರಿಂದ 10 ಮಿಲಿಲೀಟರ್ ಬೇಕೇ ಬೇಕು, ಕಡಿಮೆಯಾದರೆ ರೋಗಾಣು ಸಿಗದೆ ಹೋಗಬಹುದು.

ಇನ್ನು ಬೀಟ್‌ರೂಟ್. ಬಣ್ಣ ಕೆಂಪಾದರೂ ಅದರಲ್ಲಿ ಕಬ್ಬಿಣಾಂಶ ಅಷ್ಟಕ್ಕಷ್ಟೆ. ಅಮ್ಮನಿಗೆ ಇಷ್ಟವಾದರೆ ಕೊಡಿ, ಸಕ್ಕರೆ ಕಾಯಿಲೆ ಇದ್ದರೆ ಲೋಟ ಚಿಕ್ಕದಿರಲಿ. ಅದನ್ನೇ ಮದ್ದೆಂದು ನಂಬಿ ಕೂರಬೇಡಿ. ಮುಂದಿನ ತಪಾಸಣೆಗೆ ಹೋದಾಗ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಪರೀಕ್ಷೆ) ಕೂಡ ನೋಡಬೇಕೇ, ಕಬ್ಬಿಣದ ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಿ. ಎರಡೂ ಪರೀಕ್ಷೆ ಬೇಕೆಂದರೆ ಒಂದೇ ಸಲ ಚುಚ್ಚಿಸಿ ಮುಗಿಸಿ.