ಪ್ರತಿಕ್ರಿಯೆ: ಸ್ಲೈಡ್‌ನಲ್ಲಿ ಬಿಡಿಸಿದ ಮೀನಿನ ಸುತ್ತ ಸ್ಕ್ರ್ಯಾಚ್‌ನಲ್ಲಿ ಬಿಳಿ ಚೌಕ

ನಮಸ್ಕಾರ. ಮಕ್ಕಳು ಪವರ್‌ಪಾಯಿಂಟ್‌ನಲ್ಲಿ ಮಾಡಿದ ಮೀನು, ಬ್ಲಾಕ್ ಜೋಡಿಸಿ ಆಟ ತಯಾರಿಸುವ ತಂತ್ರಾಂಶವಾದ ಸ್ಕ್ರ್ಯಾಚ್‌ನಲ್ಲಿ ಬಿಳಿ ಚೌಕದೊಂದಿಗೆ ಬರುತ್ತಿದೆ, ಬಲೆ ಮುಟ್ಟುವ ಮೊದಲೇ ಆಟ ಮುಗಿಯುತ್ತಿದೆ ಅಂದಿರಿ. ಎರಡಕ್ಕೂ ಕಾರಣ ಒಂದೇ. ನೀವು ಇಡೀ ಸ್ಲೈಡನ್ನು ಎಕ್ಸ್‌ಪೋರ್ಟ್ ಮಾಡಿದ್ದೀರಿ, ಹಿನ್ನೆಲೆಯ ಬಿಳಿಯೂ ಚಿತ್ರದ ಭಾಗವಾಗಿದೆ. ಆ ಬಿಳಿ ತಾಗಿದರೂ ಸ್ಕ್ರ್ಯಾಚ್ ಪಾಲಿಗೆ ಮೀನೇ ತಾಗಿದಂತೆ.

ಮೈ, ಬಾಲ, ಕಣ್ಣು ಎಲ್ಲವನ್ನೂ ಸೆಲೆಕ್ಟ್ ಮಾಡಿ ಕಂಟ್ರೋಲ್ ಜಿ ಒತ್ತಿ ಗ್ರೂಪ್ ಮಾಡಿ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ‘ಸೇವ್ ಆಸ್ ಪಿಕ್ಚರ್’ನಲ್ಲಿ ಪಿಎನ್‌ಜಿ ಆರಿಸಿ. ಜೆಪೆಗ್ ಬೇಡವೇ ಬೇಡ, ಅದರಲ್ಲಿ ಪಾರದರ್ಶಕತೆ ಉಳಿಯುವುದಿಲ್ಲ, ಮೀನಿನ ಸುತ್ತಲಿನ ಖಾಲಿ ಜಾಗ ಮತ್ತೆ ಬಿಳಿಯಾಗುತ್ತದೆ.

ಬಾಯಿ ತೆರೆದ, ಮುಚ್ಚಿದ ಎರಡು ಕಾಸ್ಟ್ಯೂಮ್ (ಒಂದೇ ಪಾತ್ರದ ಬೇರೆ ಬೇರೆ ಚಿತ್ರ) ಬೇಕಿದ್ದರೆ ಇನ್ನೊಂದು ತೊಡಕಿದೆ. ಎರಡರ ಅಗಲ ಬೇರೆಯಾದರೆ ಚಿತ್ರದ ಮಧ್ಯಬಿಂದು ಸರಿಯುತ್ತದೆ, ಈಜುವಾಗ ಮೀನು ಅದುರಿದಂತೆ ಕಾಣುತ್ತದೆ. ಎರಡರ ಹಿಂದೆಯೂ ಒಂದೇ ಅಳತೆಯ, ಬಣ್ಣವೂ ಗೆರೆಯೂ ಇಲ್ಲದ ಆಯತ ಇಟ್ಟು ಅದನ್ನೂ ಗ್ರೂಪ್‌ಗೆ ಸೇರಿಸಿ. ಮೀನಿನ ಮೈ ಆಯತದೊಳಗೆ ಒಂದೇ ಜಾಗದಲ್ಲಿರಲಿ. ಇದನ್ನು ಮಕ್ಕಳ ಕೈಯಲ್ಲೇ ಮಾಡಿಸಿ, ಮಧ್ಯಬಿಂದು ಅಂದರೇನು ಎಂದು ಆಗಲೇ ಸರಿಯಾಗಿ ಹೊಳೆಯುತ್ತದೆ.

ಬ್ಯಾಕ್‌ಡ್ರಾಪ್‌ಗೆ (ಆಟದ ಹಿನ್ನೆಲೆ ಚಿತ್ರಕ್ಕೆ) ಮಾತ್ರ ಇಡೀ ಸ್ಲೈಡ್ ಸರಿ. ಬಿಡಿಸುವ ಮೊದಲೇ ಡಿಸೈನ್ ಟ್ಯಾಬ್‌ನಲ್ಲಿ ಸ್ಲೈಡ್ ಸೈಜ್ 4:3 ಮಾಡಿ. ಸ್ಕ್ರ್ಯಾಚ್ ವೇದಿಕೆ (ಆಟ ಕಾಣುವ ಜಾಗ) 480×360, ಅದೇ ಅನುಪಾತ. 16:9ರಲ್ಲಿ ಮಾಡಿದರೆ ವೇದಿಕೆಗೆ ಸರಿಹೊಂದುವುದಿಲ್ಲ.

ಚಿತ್ರದಲ್ಲಿ ಕನ್ನಡ ಅಕ್ಷರಗಳಿದ್ದರೆ ಎಸ್‌ವಿಜಿ (ಚಿತ್ರವನ್ನು ಗೆರೆ, ಆಕಾರಗಳಾಗಿ ಉಳಿಸುವ ಫೈಲ್ ಬಗೆ) ಬಿಟ್ಟು ಪಿಎನ್‌ಜಿಯನ್ನೇ ಬಳಸಿ. ಸ್ಕ್ರ್ಯಾಚ್‌ನಲ್ಲಿರುವ ಫಾಂಟ್‌ಗಳು ಕೆಲವೇ, ಎಸ್‌ವಿಜಿಯ ಅಕ್ಷರಗಳು ರೂಪ ಬದಲಿಸಿಬಿಡಬಹುದು.